ಓದುಗರ ಪ್ರಶ್ನೆ, ನಮ್ಮ ಉತ್ತರ: ಮನೆಯ ಸ್ಪೀಕರಿಗೆ ಒಪ್ಪುವ ಸರೌಂಡ್ ರಿಸೀವರ್

ಪ್ರಶ್ನೆ: ಕುವೆಂಪುನಗರದಲ್ಲಿರುವ ನಮ್ಮ ಮನೆಯ ಹಾಲ್ 16 ಅಡಿ ಉದ್ದ, 12 ಅಡಿ ಅಗಲವಿದೆ. ನೆಲದ ಮೇಲೆ ನಿಲ್ಲಿಸುವ ಒಂದು ಜೊತೆ ಹಳೆಯ ಸ್ಪೀಕರುಗಳಿದ್ದು, ಅವುಗಳ ಬೆನ್ನಿನ ಮೇಲೆ 6 ಓಮ್, 88 ಡೆಸಿಬೆಲ್, 120 ವ್ಯಾಟ್ ಎಂದು ನಮೂದಿಸಲಾಗಿದೆ. ಇವನ್ನೇ ಮುಂದಿನ ಸ್ಪೀಕರುಗಳನ್ನಾಗಿ ಇಟ್ಟುಕೊಂಡು ಸರೌಂಡ್ ಸೌಂಡ್ ಮಾಡಿಸುವ ಆಸೆ. ದನಿಯನ್ನು ಬಲಗೊಳಿಸಿ ಸ್ಪೀಕರುಗಳಿಗೆ ಹಂಚುವ ರಿಸೀವರ್ ಕೂಡ 120 ವ್ಯಾಟಿನದೇ ಆಗಬೇಕು, ಹೆಚ್ಚಾದರೆ ಸ್ಪೀಕರ್ ಸುಟ್ಟುಹೋಗುತ್ತದೆ, ತೆಗೆದುಕೊಳ್ಳುವುದಾದರೆ 7.2 ಚಾನೆಲಿನದನ್ನೇ ತೆಗೆದುಕೊಳ್ಳಿ ಎಂದು ಅಂಗಡಿಯವರು ಹೇಳುತ್ತಾರೆ. ಅಮೆರಿಕದಲ್ಲಿರುವ ಮಗಳು ಅಲ್ಲಿಂದಲೇ ಒಂದನ್ನು ತರುತ್ತೇನೆ ಎನ್ನುತ್ತಾಳೆ. ದಯವಿಟ್ಟು ಮಾರ್ಗದರ್ಶನ ಮಾಡಿ.
– ಓದುಗರು, ಮೈಸೂರು

ಉತ್ತರ: ತಾವು ಕಳಿಸಿರುವ ಮೂರು ಅಂಕಿಗಳಲ್ಲಿ ಅಂಗಡಿಯವರು ಹಿಡಿದುಕೊಂಡಿರುವ 120 ವ್ಯಾಟ್ ಎಂಬುದೇ ಎಲ್ಲಕ್ಕಿಂತ ಕಡಿಮೆ ಉಪಯೋಗದ್ದು. ಅದು ಸ್ಪೀಕರ್ ತಾಳಿಕೊಳ್ಳಬಲ್ಲ ಮಿತಿಯೇ ಹೊರತು ಅದಕ್ಕೆ ಬೇಕಾದ ಶಕ್ತಿಯಲ್ಲ. ರಿಸೀವರನ್ನು ಆರಿಸುವಾಗ ನೋಡಬೇಕಾದದ್ದು ಉಳಿದೆರಡನ್ನು, ಅಂದರೆ 88 ಡೆಸಿಬೆಲ್ ಎಂಬ ಸೆನ್ಸಿಟಿವಿಟಿಯನ್ನು ಮತ್ತು 6 ಓಮ್ ಎಂಬ ಇಂಪಿಡೆನ್ಸನ್ನು (ಕರೆಂಟಿಗೆ ಸ್ಪೀಕರ್ ಒಡ್ಡುವ ತಡೆಯನ್ನು).

88 ಡೆಸಿಬೆಲ್ ಎಂದರೆ, ಸುಮಾರು 1 ವ್ಯಾಟ್ ಶಕ್ತಿ ಕೊಟ್ಟಾಗ 1 ಮೀಟರ್ ದೂರದಲ್ಲಿ ಕೇಳಿಬರುವ ಶಬ್ದದ ಮಟ್ಟ. ತಮ್ಮ ಹಾಲಿನಲ್ಲಿ ಸೋಫಾ 3 ಮೀಟರ್ ದೂರದಲ್ಲಿದೆ ಎಂದಿಟ್ಟುಕೊಳ್ಳೋಣ. ಬಯಲಿನಲ್ಲಾಗಿದ್ದರೆ ಅಷ್ಟು ದೂರಕ್ಕೆ ಒಂಬತ್ತು, ಒಂಬತ್ತೂವರೆ ಡೆಸಿಬೆಲ್ ಇಳಿಯುತ್ತಿತ್ತು. ನಾಲ್ಕು ಗೋಡೆಗಳ ನಡುವೆ ಪ್ರತಿಫಲನವೂ ಸೇರಿಕೊಳ್ಳುವುದರಿಂದ ಅಷ್ಟು ಇಳಿಯುವುದಿಲ್ಲ. ಬಿಗಿಯಾಗಿ ಲೆಕ್ಕ ಹಾಕಿದರೂ 1 ವ್ಯಾಟಿಗೆ ಕುಳಿತಲ್ಲಿ 80 ಡೆಸಿಬೆಲಿನ ಆಸುಪಾಸಿನ ಶಬ್ದ ಸಿಗುತ್ತದೆ, ಅದು ಅಡುಗೆಮನೆಯಿಂದ ‘ಸ್ವಲ್ಪ ಕಡಿಮೆ ಮಾಡಬಾರದೇ’ ಎಂಬ ಮಾತು ಕೇಳಿಬರುವಷ್ಟು ಜೋರಾದದ್ದೇ. ಮುಂದಿನ ಪ್ರತಿ 10 ಡೆಸಿಬೆಲಿಗೆ ಶಕ್ತಿ 10 ಪಟ್ಟು ಬೇಕಾಗುವುದರಿಂದ, 90ಕ್ಕೆ 10 ವ್ಯಾಟ್, ಸಿನಿಮಾದಲ್ಲಿ ಬಾಂಬು ಸಿಡಿಯುವ ಕ್ಷಣದ 100ಕ್ಕೆ 100 ವ್ಯಾಟ್ ಬೇಕು. ಇದೇ ಲೆಕ್ಕದ ಪ್ರಕಾರ 80 ವ್ಯಾಟಿನ ರಿಸೀವರಿಗೂ 100 ವ್ಯಾಟಿನದಕ್ಕೂ ಇರುವ ವ್ಯತ್ಯಾಸ ಬರೀ 1 ಡೆಸಿಬೆಲ್; ಆ ಒಂದು ಡೆಸಿಬೆಲಿಗಾಗಿ ಸಾವಿರಾರು ರೂಪಾಯಿ ಹೆಚ್ಚು ತೆರುವುದು ನನ್ನ ಮಟ್ಟಿಗೆ ವ್ಯರ್ಥ. ಇನ್ನು ಸುಟ್ಟುಹೋಗುವ ಮಾತು. ಹೆಚ್ಚು ವ್ಯಾಟಿನ ರಿಸೀವರನ್ನು ಹದವಾಗಿ ಬಳಸಿದರೆ ಸ್ಪೀಕರಿಗೆ ಏನೂ ಆಗುವುದಿಲ್ಲ. ಸಣ್ಣ ಆಂಪ್ಲಿಫೈಯರನ್ನು ಅದರ ಶಕ್ತಿ ಮೀರಿ ತಿರುಗಿಸಿದಾಗಲೇ ಅಲೆಗಳ ತಲೆ ಕತ್ತರಿಸಿದಂತಾಗಿ, ಹೆಚ್ಚು ಕಂಪನಾಂಕದ ಕರ್ಕಶ ಶಕ್ತಿ ಸ್ಪೀಕರಿನೊಳಗೆ ತಾರ ದನಿ ಹೊರಡಿಸುವ ಟ್ವೀಟರಿಗೆ ನುಗ್ಗಿ ಅದರ ಕಾಯಿಲ್ ಸುಡುತ್ತದೆ.

ಆದ್ದರಿಂದ ಪೆಟ್ಟಿಗೆಯ ಮೇಲಿನ ದೊಡ್ಡ ಅಕ್ಷರಗಳನ್ನು ಬಿಟ್ಟು, ಕೈಪಿಡಿಯ ಕೊನೆಯ ಪುಟಗಳಲ್ಲಿರುವ ಸಣ್ಣ ಅಕ್ಷರಗಳನ್ನು ಓದಿ. ‘8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, 2 ಚಾನೆಲುಗಳು ಚಾಲನೆಯಲ್ಲಿ, ವಿರೂಪ ಶೇ. 0.08’ ಎಂಬ ಷರತ್ತಿನ ಮೇಲೆ ಕೊಟ್ಟ 80 ವ್ಯಾಟ್ ನಂಬಬಹುದಾದದ್ದು. ‘6 ಓಮ್, 1 ಕಿಲೋಹರ್ಟ್ಸ್, 1 ಚಾನೆಲ್ ಮಾತ್ರ, ವಿರೂಪ ಶೇ. 10’ ಎಂದು ಬರೆದು ಕೊಟ್ಟ 150 ವ್ಯಾಟ್ ವಾಸ್ತವದಲ್ಲಿ ಆ 80ಕ್ಕಿಂತ ಚಿಕ್ಕದಾಗಿರಬಹುದು, ಏಕೆಂದರೆ ಶೇ. 10ರಷ್ಟು ವಿರೂಪಗೊಂಡ ದನಿಯನ್ನು ಯಾರೂ ಮನಸ್ಸಿಟ್ಟು ಕೇಳಲಾರರು. ಎಲ್ಲ ಚಾನೆಲುಗಳೂ ಒಟ್ಟಿಗೆ ದುಡಿದಾಗ ಒಂದೊಂದರ ಪಾಲು ಇನ್ನೂ ಇಳಿಯುತ್ತದೆ.

ಇಂಪಿಡೆನ್ಸ್ ವಿಷಯದಲ್ಲಿ ರಿಸೀವರಿನ ಹಿಂಬದಿಯನ್ನು ತಿರುಗಿಸಿ ನೋಡುವುದೇ ಸುಲಭ. ಸ್ಪೀಕರ್ ತಂತಿ ಸಿಕ್ಕಿಸುವ ಜಾಗದ ಹತ್ತಿರ ‘6–16 ಓಮ್’ ಅಥವಾ ‘4–16 ಓಮ್’ ಎಂದು ಅಚ್ಚಾಗಿರುತ್ತದೆ. ತಮ್ಮದು 6 ಓಮ್ ಆದ್ದರಿಂದ ಮೊದಲನೆಯದು ಸಾಕಾದರೂ, 6 ಎಂಬುದು ಸರಾಸರಿ ಹೆಸರಷ್ಟೇ ಆಗಿದ್ದು ಕೆಲವು ಕಂಪನಾಂಕಗಳಲ್ಲಿ ಸ್ಪೀಕರ್ ಅದಕ್ಕಿಂತ ಕೆಳಗಿಳಿಯುವುದರಿಂದ, 4 ಓಮಿಗೂ ಒಪ್ಪಿಗೆ ಇರುವ ರಿಸೀವರ್ ಸಿಕ್ಕರೆ ಅದನ್ನೇ ಆರಿಸಿ. ಮಲ್ಟಿಮೀಟರ್ ಹಿಡಿದು ಅಳೆದು 5 ಓಮ್ ಕಂಡರೆ ಗಾಬರಿ ಬೇಡ. ಅದು ಕಾಯಿಲಿನ ಡಿ.ಸಿ. ರೋಧ, ಯಾವಾಗಲೂ ನಮೂದಿಸಿದ್ದಕ್ಕಿಂತ ಸ್ವಲ್ಪ ಕಡಿಮೆಯೇ ಇರುತ್ತದೆ. ಒಂದೇ ಟರ್ಮಿನಲಿಗೆ ಎರಡು ಜೊತೆ ಸ್ಪೀಕರುಗಳನ್ನು ಸಮಾಂತರವಾಗಿ ಸೇರಿಸುವ ಅಭ್ಯಾಸ ಮಾತ್ರ ಕೂಡದು, 6 ಮತ್ತು 6 ಸೇರಿದರೆ 3 ಓಮ್ ಆಗಿ ರಿಸೀವರ್ ಬಿಸಿಯೇರಿ ತಾನಾಗಿಯೇ ಆರಿಕೊಳ್ಳುತ್ತದೆ.

7.2 ಚಾನೆಲ್, ಅಂದರೆ ಏಳು ಸ್ಪೀಕರು ಮತ್ತು ಮಂದ್ರ ದನಿಗೆಂದೇ ಇರುವ ಎರಡು ಸಬ್‌ವೂಫರುಗಳ ಜೋಡಣೆ, ಈ ಅಳತೆಯ ಹಾಲಿಗೆ ಅವಶ್ಯವಿಲ್ಲ. ಸೋಫಾ ಹಿಂದಿನ ಗೋಡೆಗೆ ಅಂಟಿಕೊಂಡಿದ್ದರಂತೂ ಹಿಂಬದಿಯ ಎರಡು ಸ್ಪೀಕರುಗಳನ್ನು ಇಡಲು ಜಾಗವೇ ಇರುವುದಿಲ್ಲ. ಮುಂದೆಂದಾದರೂ ಚಾವಣಿಯ ಎತ್ತರದಲ್ಲಿ ಡಾಲ್ಬಿ ಅಟ್ಮಾಸ್ ಸ್ಪೀಕರ್ ಹಾಕಿಸುವ ಯೋಚನೆಯಿದ್ದರೆ ಮಾತ್ರ ಆ ಎರಡು ಹೆಚ್ಚುವರಿ ಚಾನೆಲುಗಳು 5.1.2 (ಸುತ್ತ ಐದು, ಸಬ್‌ವೂಫರ್ ಒಂದು, ಮೇಲೆ ಎರಡು) ಆಗಿ ಉಪಯೋಗಕ್ಕೆ ಬರುತ್ತವೆ. ಸದ್ಯಕ್ಕೆ ಮುಂದಿನ ಜೊತೆ, ಕುಳಿತವರ ನೇರ ಎದುರಿನ ದಿಕ್ಕಿನಿಂದ ಎಡಕ್ಕೂ ಬಲಕ್ಕೂ 110 ಡಿಗ್ರಿಯ ಆಸುಪಾಸಿನಲ್ಲಿ ಪಕ್ಕದ ಜೊತೆ, ಒಂದು ಸಬ್‌ವೂಫರ್ ಇಷ್ಟರಿಂದ ಆರಂಭಿಸಿ. ನಡುವಿನ ಸ್ಪೀಕರನ್ನು ಅವಸರದಲ್ಲಿ ಯಾವುದೋ ಕಂಪನಿಯದು ತಂದರೆ ಪಾತ್ರಧಾರಿ ಪರದೆಯ ಎಡದಿಂದ ಬಲಕ್ಕೆ ನಡೆಯುವಾಗ ಅವನ ದನಿಯೇ ಬದಲಾಗುತ್ತದೆ. ಹೊಂದುವಂಥದ್ದು ಸಿಗುವವರೆಗೆ ಮೆನುವಿನಲ್ಲಿ ‘ಸೆಂಟರ್ ಇಲ್ಲ’ ಎಂದು ಹೇಳಿದರೆ ರಿಸೀವರ್ ಮಾತನ್ನೆಲ್ಲ ಮುಂದಿನ ಎರಡಕ್ಕೂ ಸಮನಾಗಿ ಹಂಚುತ್ತದೆ. ಮುಂದಿನವು ದೊಡ್ಡವಾದರೂ ಅವನ್ನು ‘ಸ್ಮಾಲ್’ ಎಂದೇ ನಮೂದಿಸಿ, ಮಂದ್ರವನ್ನು ಬೇರ್ಪಡಿಸುವ ಗಡಿಯಾದ ಕ್ರಾಸ್‌ಓವರ್ 80 ಹರ್ಟ್ಸ್‌ನಲ್ಲಿಡಿ. ಶಕ್ತಿ ಹೀರುವ ಮಂದ್ರವೆಲ್ಲ ಸ್ವಂತ ಆಂಪ್ಲಿಫೈಯರ್ ಇರುವ ಸಬ್‌ವೂಫರಿಗೆ ಹೋಗಿ ರಿಸೀವರಿನ ಹೊರೆ ಎಷ್ಟೋ ಇಳಿಯುತ್ತದೆ.

ಮಗಳು ತರುವ ರಿಸೀವರನ್ನು ನಯವಾಗಿ ಬೇಡವೆನ್ನಿ. ಅಲ್ಲಿಯ ಮಾರುಕಟ್ಟೆಯ ರಿಸೀವರುಗಳು 120 ವೋಲ್ಟಿನವು. ನಮ್ಮ 230 ವೋಲ್ಟಿನ ಪ್ಲಗ್ಗಿಗೆ ನೇರವಾಗಿ ಸಿಕ್ಕಿಸಿದರೆ ಅಂದೇ ಅದರ ಕಥೆ ಮುಗಿಯುತ್ತದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಟ್ಟು ನಡೆಸಬಹುದಾದರೂ ಅದರ ಭಾರ, ಗುಂಯ್‌ಗುಡುವಿಕೆ, ಇಲ್ಲಿ ಸಿಗದ ವಾರಂಟಿ ಎಲ್ಲವನ್ನೂ ಕೂಡಿಸಿದರೆ ಉಳಿತಾಯವೇನೂ ಉಳಿಯುವುದಿಲ್ಲ. ಇನ್ನೊಂದು ಸಣ್ಣ ತಮಾಷೆ: ಅಮೆರಿಕದ ಎಫ್‌ಎಂ ಕೇಂದ್ರಗಳೆಲ್ಲ 100.5, 100.7 ಎಂಬಂತೆ ಬೆಸ ಅಂಕಿಗಳಲ್ಲಿರುವುದರಿಂದ ಅಲ್ಲಿಯ ಹಲವು ಟ್ಯೂನರುಗಳು 100.6ರಲ್ಲಿ ನಿಲ್ಲುವುದೇ ಇಲ್ಲ, ಅಂದರೆ ಮೈಸೂರು ಆಕಾಶವಾಣಿ ಸರಿಯಾಗಿ ಸಿಗುವುದಿಲ್ಲ.

ಪ್ರಶ್ನೆ: ಡಿವಿಡಿ ಪ್ಲೇಯರಿನೊಂದಿಗೆ ಬಂದಿದ್ದ ಹಳೆಯ 5.1 ಹೋಮ್ ಥಿಯೇಟರಿನಲ್ಲಿ ಪ್ಲೇಯರ್ ಕೆಟ್ಟಿದೆ, ಸ್ಪೀಕರುಗಳು ಚೆನ್ನಾಗಿವೆ. ಹೊಸ ರಿಸೀವರಿಗೆ ಅವನ್ನೇ ಜೋಡಿಸಬಹುದೇ?
– ಓದುಗರು, ಮಂಡ್ಯ

ಉತ್ತರ: ಮೊದಲು ಪ್ರತಿ ಸ್ಪೀಕರಿನ ಬೆನ್ನಿನ ಚೀಟಿ ಓದಿ. ಇಂತಹ ಸೆಟ್ಟುಗಳಲ್ಲಿ 3 ಅಥವಾ 4 ಓಮಿನ ಸ್ಪೀಕರುಗಳು ಸಾಮಾನ್ಯ. 3 ಓಮ್ ಎಂದಿದ್ದರೆ ಮಾರುಕಟ್ಟೆಯ ಬಹುತೇಕ ರಿಸೀವರುಗಳಿಗೆ ಅವು ಒಗ್ಗುವುದಿಲ್ಲ. 6 ಓಮ್ ಇದ್ದರೆ ತಂತಿಯ ತುದಿಯ ಪ್ಲಾಸ್ಟಿಕ್ ಪ್ಲಗ್ ಕತ್ತರಿಸಿ, ತಾಮ್ರದ ಎಳೆಗಳನ್ನು ಬಿಗಿಯಾಗಿ ಹೊಸೆದು, ಒಂದು ಎಳೆಯೂ ಪಕ್ಕದ ಟರ್ಮಿನಲಿಗೆ ತಾಗದಂತೆ ಜೋಡಿಸಬಹುದು. ಸಬ್‌ವೂಫರ್ ಮಾತ್ರ ಬೇರೆಯದೇ ಬೇಕಾಗಬಹುದು. ಹಳೆಯದರ ಹಿಂದೆ ಕರೆಂಟಿನ ವೈರ್ ಇಲ್ಲದಿದ್ದರೆ ಅದಕ್ಕೆ ಸ್ವಂತ ಆಂಪ್ಲಿಫೈಯರ್ ಇಲ್ಲವೆಂದೇ ಅರ್ಥ, ಮತ್ತು ಹೊಸ ರಿಸೀವರ್ ಸಬ್‌ವೂಫರಿಗೆ ಸಂಕೇತವನ್ನಷ್ಟೇ ಕೊಡುತ್ತದೆ, ಶಕ್ತಿಯನ್ನಲ್ಲ. ಸಂಜೆ ಹೊತ್ತು ತಮ್ಮಲ್ಲಿ ವೋಲ್ಟೇಜ್ ಏರಿಳಿತ ಹೆಚ್ಚಿದ್ದರೆ ರಿಸೀವರಿನ ಬಜೆಟ್ಟಿನಲ್ಲೇ ಒಂದು ಸ್ಟೆಬಿಲೈಸರಿಗೂ ಹಣ ಎತ್ತಿಡಿ.