ಭೂಮಿ ದುಂಡಗಿದೆ ಅನ್ನೋ ವಚನ ನಾನು ಕೊಡಲ್ಲ

ಭಾವಮೈದುನ ಯಾವುದೋ ವಿಡಿಯೋ ನೋಡಿ ‘ಬೈಬಲ್ ಪ್ರಕಾರ ಭೂಮಿ ಚಪ್ಪಟೆ’ ಅಂತಿದ್ದಾನೆ, ಅವನ ಬಾಯಿ ಮುಚ್ಚಿಸೋಕೆ ದುಂಡಗಿದೆ ಅನ್ನೋ ಬೈಬಲ್ ವಚನ ಬೇಕು ಅಂತ ಕೇಳಿದ್ದೀರಿ. ಕೊಡಲ್ಲ. ಕೊಟ್ಟು ಕೆಟ್ಟವನು ನಾನು.

2019ರ ಮಾತು. ಬಳ್ಳಾರಿಯಲ್ಲಿ ನಮ್ಮದು ಚಿಕ್ಕ ಕ್ರೈಸ್ತ ಸಭೆ. ವಾರವೆಲ್ಲ ಜೀನ್ಸ್ ಹೊಲಿಯೋ ಕಡೆ ಕಟಿಂಗ್ ಕೆಲಸ, ಭಾನುವಾರ ಸಂಡೇ ಸ್ಕೂಲಿನ ದೊಡ್ಡ ಮಕ್ಕಳಿಗೆ ಪಾಠ. ಅದರಲ್ಲಿ ಹತ್ತನೇ ಕ್ಲಾಸಿನ ಒಬ್ಬ ಹುಡುಗ. ಒಂದು ದಿನ ಎದ್ದು ನಿಂತು, “ಅಣ್ಣ, ಬೈಬಲ್ಲಿನ ಪ್ರಕಟನೆ ಪುಸ್ತಕದ 7:1ರಲ್ಲಿ ಭೂಮಿಗೆ ನಾಲ್ಕು ಮೂಲೆ ಅಂತ ಇದೆ. ಚೆಂಡಿಗೆ ಮೂಲೆ ಎಲ್ಲಿಂದ ಬಂತು?” ಅಂದ.

ನನ್ನ ಹತ್ತಿರ ಉತ್ತರ ರೆಡಿ ಇತ್ತು. ಪ್ರವಾದಿ ಯೆಶಾಯನ ಪುಸ್ತಕ, 40:22. ದೇವರು ಭೂಮಂಡಲದ ಮೇಲೆ ಆಸೀನನಾಗಿದ್ದಾನೆ, ಕೆಳಗಿರೋ ಜನ ಮಿಡತೆಗಳ ಹಾಗೆ ಕಾಣ್ತಾರೆ ಅನ್ನೋ ಮಾತು. “ನೋಡು, ಭೂಮಂಡಲ! ವಿಜ್ಞಾನಿಗಳಿಗಿಂತ ಮುಂಚೆ ಯೆಶಾಯನಿಗೆ ಗೊತ್ತಿತ್ತು” ಅಂದೆ. ಅಷ್ಟಕ್ಕೆ ನಿಲ್ಲಿಸಿದ್ದರೆ ಬದುಕಿಕೊಳ್ಳುತ್ತಿದ್ದೆ. ಜೋಶ್‌ನಲ್ಲಿ ಇನ್ನೊಂದು ಮಾತು ಸೇರಿಸಿದೆ: “ಈ ಒಂದು ವಿಷಯದಲ್ಲಿ ಬೈಬಲ್ ತಪ್ಪಿದ್ದರೆ ಉಳಿದಿದ್ದನ್ನೂ ನಂಬಬೇಡ.”

ಮುಂದಿನ ಭಾನುವಾರ ಹುಡುಗ ಪೇಪರ್‌ನಲ್ಲಿ ಒಂದು ಖಡಕ್ ರೊಟ್ಟಿ ಸುತ್ತಿಕೊಂಡು ಬಂದ. ಜೋಳದ್ದು, ಅಂಚು ಸೀಳಿ, ನಡುವೆ ಕರಿ ಚುಕ್ಕೆ ಬಿದ್ದಿದ್ದು. ಎಲ್ಲರಿಗೂ ಕಾಣೋ ಹಾಗೆ ಎತ್ತಿ ಹಿಡಿದ. “ಇದೂ ಮಂಡಲಾನೇ ಅಲ್ವಾ ಅಣ್ಣ? ಯೆಶಾಯನಿಗೆ ಚೆಂಡು ಅನ್ನಬೇಕಿದ್ದರೆ ಆ ಮಾತೂ ಗೊತ್ತಿತ್ತು. 22:18ರಲ್ಲಿ ‘ಚೆಂಡಿನ ಹಾಗೆ ಎಸೀತಾನೆ’ ಅಂತಾನೇ ಇದೆ.” ಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ನಾನು ರೊಟ್ಟಿ ಕಿತ್ತುಕೊಂಡೆ, ಎರಡು ಹೋಳಾಯಿತು. ಹೊರಗೆ ಹೋಗಿ ಕೂರು ಅಂದೆ. ಅವನು ಹೊರಗೆ ಕೂರಲಿಲ್ಲ, ಸೀದಾ ಮನೆಗೆ ಹೋದ. ಆಮೇಲೆ ಸಭೆಗೆ ಬರಲೇ ಇಲ್ಲ. ಸ್ವಲ್ಪ ದಿನಕ್ಕೆ ಅವರ ಅಮ್ಮನೂ ಬಿಟ್ಟರು.

ಸಿಟ್ಟು ಮಾಡಿಕೊಂಡಿದ್ದೇ ತಪ್ಪು ಅಂತ ಪಾಸ್ಟರ್ ಹೇಳಿದರು. ಅಲ್ಲ. ಸಿಟ್ಟಿಗೆ ಕ್ಷಮೆ ಕೇಳಬಹುದು, ಅವರ ಮನೆಗೆ ಹೋಗಿ ಕೇಳಿಯೂ ಕೇಳಿದೆ. ಅಮ್ಮ ಟೀ ಕೊಟ್ಟರು, ಹುಡುಗ ರೂಮಿಂದ ಹೊರಗೇ ಬರಲಿಲ್ಲ. ನಿಜವಾದ ತಪ್ಪು ಆ ಹಿಂದಿನ ವಾರದ ಮಾತು. ಅವನ ನಂಬಿಕೇನೆಲ್ಲ ಗಂಟು ಕಟ್ಟಿ ಒಂದೇ ಪದದ ಮೊಳೆಗೆ ನೇತು ಹಾಕಿದವನು ನಾನು. ಅವನು ಮೊಳೆ ಅಲ್ಲಾಡಿಸಿ ನೋಡಿದ ಅಷ್ಟೇ. ಹುಡುಗರು ಅಲ್ಲಾಡಿಸೇ ಅಲ್ಲಾಡಿಸ್ತಾರೆ. ಬಿದ್ದಿದ್ದಕ್ಕೆ ಅವನನ್ನು ಬೈದರೆ ಹೇಗೆ? ಉಳಿದಿದ್ದನ್ನೂ ನಂಬಬೇಡ ಅಂದಿದ್ದೆ, ಅವನು ಹೇಳಿದ ಹಾಗೆ ಕೇಳಿದ!

ಮೊಳೆಯೂ ಗಟ್ಟಿಯಲ್ಲ. ಅಲ್ಲಿರೋ ಹೀಬ್ರೂ ಪದ ಹೂಗ್. ಅಂದರೆ ವೃತ್ತ, ಸುತ್ತು. ಜ್ಞಾನೋಕ್ತಿ 8:27ರಲ್ಲೂ ಅದೇ ಪದ, ಅಲ್ಲಿ ಸಾಗರದ ಮೇಲೆ ಎಳೆದ ಗೆರೆ. ಬಳ್ಳಾರಿ ಗುಡ್ಡ ಹತ್ತಿ ಸುತ್ತ ತಿರುಗಿ ನೋಡಿ. ಬಯಲು ಮುಗಿದು ಆಕಾಶ ಶುರುವಾಗೋ ಕಡೆ ದುಂಡಗೆ ಗೆರೆ ಕಾಣುತ್ತೆ. ಯೆಶಾಯ ಹೇಳಿದ್ದು ಅದನ್ನೇ ಅಂತ ತುಂಬಾ ಜನ ಪಂಡಿತರು ಅರ್ಥ ಮಾಡ್ತಾರೆ. ಅದರಿಂದ ಚೆಂಡೂ ಸಾಬೀತಾಗಲ್ಲ, ರೊಟ್ಟಿಯೂ ಆಗಲ್ಲ. ಅಂದಹಾಗೆ, ಇಡೀ ಬೈಬಲ್ಲನ್ನು ಕನ್ನಡಕ್ಕೆ ತಂದ ಕೆಲಸ ಶುರುವಾಗಿದ್ದು ನಮ್ಮೂರಲ್ಲೇ. 1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್ ಅನ್ನೋ ಮಿಷನರಿ ಅದನ್ನು ಶುರು ಮಾಡಿದ, ಪೂರ್ತಿ ಅಚ್ಚಾಗಿದ್ದು 1831ರಲ್ಲಿ. ಇಪ್ಪತ್ತು ವರ್ಷ ಪದ ಹುಡುಕಿದ ಊರಲ್ಲಿ ನಾನು ಒಂದು ಪದ ಹಿಡಿದು ಎರಡು ನಿಮಿಷದಲ್ಲಿ ತೀರ್ಪು ಕೊಟ್ಟಿದ್ದೆ.

ನಿಮ್ಮ ಭಾವಮೈದುನನ ವಚನಗಳದ್ದೂ ಇದೇ ಕಥೆ. ಜಗತ್ತಿನ ಮೂಲೆ ಮೂಲೆಯಿಂದ ಹಂಪಿಗೆ ಜನ ಬರ್ತಾರೆ ಅಂತೀವಿ, ಜಗತ್ತು ಚೌಕಾನಾ ಅಂತ ಯಾರೂ ಕೇಳಲ್ಲ. ಯೋಬ 26:7ರಲ್ಲಿ ಭೂಮಿ ಶೂನ್ಯದ ಮೇಲೆ ತೂಗುತ್ತಿದೆ. ಅದೇ ಪುಸ್ತಕದ 38ನೇ ಅಧ್ಯಾಯದಲ್ಲಿ ಅದಕ್ಕೆ ಅಸ್ತಿವಾರ, ಮೂಲೆಗಲ್ಲು ಎರಡೂ ಇವೆ. ಕವಿತೆಗೆ ಟೇಪು ಹಿಡಿದರೆ ಇಷ್ಟೇ.

ಹಳೇ ಕ್ರೈಸ್ತರೆಲ್ಲ ಚಪ್ಪಟೆ ಅಂತ ನಂಬಿದ್ದರು ಅಂತಾನೂ ಅವನು ಹೇಳ್ತಾನೆ, ನೋಡ್ತಿರಿ. ಸುಳ್ಳು. 725ರಲ್ಲೇ ಬೀಡ್ ಅನ್ನೋ ಇಂಗ್ಲೆಂಡಿನ ಸನ್ಯಾಸಿ ಭೂಮಿ ಚೆಂಡಿನ ಹಾಗಿದೆ ಅಂತ ಬರೆದಿದ್ದಾನೆ. ಆರನೇ ಶತಮಾನದಲ್ಲಿ ಕಾಸ್ಮಾಸ್ ಅನ್ನೋ ಅಲೆಕ್ಸಾಂಡ್ರಿಯಾದ ವ್ಯಾಪಾರಿ, ಜಗತ್ತು ಮೋಶೆ ಕಟ್ಟಿಸಿದ ದೇವರ ಗುಡಾರದ ಆಕಾರದಲ್ಲಿದೆ ಅಂತ ವಾದಿಸಿದ, ಹಿಂದೆ ಹೋದವರು ಕಮ್ಮಿ. ಈಗಿನ ವಿಡಿಯೋಗಳ ವಾದ 1849ರಲ್ಲಿ ರೌಬೋಥಮ್ ಅನ್ನೋ ಇಂಗ್ಲಿಷಿನವನು ಶುರು ಮಾಡಿದ್ದು. ಇನ್ನು ಆಗಸ್ಟೀನ್ ಅನ್ನೋ ಬಿಷಪ್ 1600 ವರ್ಷದ ಹಿಂದೆಯೇ, ಆಕಾಶ ಭೂಮಿ ಬಗ್ಗೆ ಕ್ರೈಸ್ತರು ತಿಳಿಯದೆ ಮಾತಾಡಿ ನಗೆಪಾಟಲಾದರೆ, ಕೇಳಿದವರು ಉಳಿದಿದ್ದನ್ನು ಹೇಗೆ ನಂಬಿಯಾರು ಅಂತ ಬರೆದಿದ್ದಾನೆ. ಅದನ್ನು ಓದಿದಾಗ ಕೈಯಲ್ಲಿ ಆ ಎರಡು ಹೋಳು ರೊಟ್ಟಿ ಇದ್ದ ಹಾಗನಿಸಿತು.

ವಚನಕ್ಕೆ ವಚನ ಎಸೆಯಬೇಡಿ. ಅವನನ್ನು ಗ್ರಹಣದ ರಾತ್ರಿ ಮಾಳಿಗೆಗೆ ಕರೀರಿ. 2025ರ ಸೆಪ್ಟೆಂಬರ್ 7ಕ್ಕೆ ಪೂರ್ತಿ ಚಂದ್ರಗ್ರಹಣ ಇತ್ತಲ್ಲ, ಆವತ್ತು ನಾನು ಆ ಹುಡುಗನಿಗೆ ಮೆಸೇಜ್ ಹಾಕಿದೆ. ಈಗ ತೋರಣಗಲ್ಲಿನ ಕಡೆ ಕೆಲಸದಲ್ಲಿದ್ದಾನೆ. “ಹೊರಗೆ ಬಂದು ನೋಡು, ಚಂದ್ರನ ಮೇಲೆ ಬಿದ್ದಿರೋ ಭೂಮಿ ನೆರಳಿನ ಅಂಚು ದುಂಡಗಿದೆ” ಅಂತ. ಆರು ವರ್ಷದಲ್ಲಿ ಮೊದಲ ಮಾತು. ನೀಲಿ ಟಿಕ್ ಬಿತ್ತು. ತುಂಬಾ ಹೊತ್ತು ಏನೂ ಇಲ್ಲ. ಆಮೇಲೆ ಬಂತು:

“ರೊಟ್ಟಿ ನೆರಳೂ ದುಂಡಗೇ ಬೀಳುತ್ತೆ ಅಣ್ಣ.”

“ಓರೆ ಹಿಡಿದು ನೋಡು” ಅಂತ ಹಾಕಿದೆ.

“ಈ ಸಲ ಮುರೀಬೇಡಿ” ಅಂದ.