ದಿಂಬಿನ ಕೆಳಗಿನ ಮೊಬೈಲು, ಮಗನ ನೆನಪಿನ ಶಕ್ತಿ

ಪ್ರಶ್ನೆ: ಮುಧೋಳ ತಾಲ್ಲೂಕಿನ ತೋಟದ ವಸತಿಯಲ್ಲಿ ನಮ್ಮ ಮನೆ. ಎಸ್ಸೆಸ್ಸೆಲ್ಸಿ ಓದುತ್ತಿರುವ ಮಗ ರಾತ್ರಿ ಮೊಬೈಲನ್ನು ದಿಂಬಿನ ಕೆಳಗಿಟ್ಟುಕೊಂಡೇ ಮಲಗುತ್ತಾನೆ. ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ ಎನ್ನುತ್ತಾನೆ. ವಿಕಿರಣದಿಂದ ಮೆದುಳಿನ ರಸಾಯನವೇ ಕೆಡುತ್ತದೆ ಎಂದು ನನ್ನ ಮೈದುನ ಹೇಳುತ್ತಾನೆ. ನಿಜವೇ?
– ಒಬ್ಬ ತಾಯಿ, ಬಾಗಲಕೋಟೆ ಜಿಲ್ಲೆ

ಉತ್ತರ: ನಿಮ್ಮ ಮೈದುನನ ಮಾತು ಪೂರ್ತಿ ಗಾಳಿಸುದ್ದಿಯಲ್ಲ. 1994ರಲ್ಲಿ ಅಮೆರಿಕದ ಹೆನ್ರಿ ಲಾಯ್ ಮತ್ತು ಸಂಗಡಿಗರು ಇಲಿಗಳನ್ನು 45 ನಿಮಿಷ ಮೈಕ್ರೋವೇವ್ ತರಂಗಗಳಿಗೆ (ಮೊಬೈಲಿನ ತರಂಗಗಳೂ ಇದೇ ಬಗೆಯವು) ಒಡ್ಡಿ, ಹಲವು ಕವಲುಗಳ ಚಕ್ರವ್ಯೂಹದಂಥ ಪೆಟ್ಟಿಗೆಯಲ್ಲಿ ಆಹಾರ ಹುಡುಕಲು ಬಿಟ್ಟಾಗ, ಅವು ಆಗಲೇ ಹೋಗಿಬಂದ ಕವಲಿಗೇ ಮತ್ತೆ ನುಗ್ಗುವ ತಪ್ಪನ್ನು ಹೆಚ್ಚಾಗಿ ಮಾಡಿದವು. ನೆನಪಿಗೆ ಬೇಕಾದ ಅಸಿಟೈಲ್‌ಕೋಲಿನ್ ಎಂಬ ನರವಾಹಕವನ್ನು (ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕ) ಉಳಿಸುವ ಔಷಧವನ್ನು ಮೊದಲೇ ಕೊಟ್ಟಾಗ ಆ ದೋಷ ಕಾಣಲಿಲ್ಲವಾದ್ದರಿಂದ, ರಸಾಯನದ ಮಾತು ಅಲ್ಲಿಂದ ಬಲ ಪಡೆಯಿತು. ಆದರೆ 2004ರಲ್ಲಿ ಅಮೆರಿಕದಲ್ಲೂ ಫ್ರಾನ್ಸಿನಲ್ಲೂ ಬೇರೆ ತಂಡಗಳು ಇದೇ ಬಗೆಯ ಪ್ರಯೋಗ ಮಾಡಿದಾಗ ಆ ಫಲಿತಾಂಶ ಮರುಕಳಿಸಲಿಲ್ಲ. ಮತ್ತೊಬ್ಬರ ಕೈಯಲ್ಲಿ ಮರುಕಳಿಸದ ಫಲಿತಾಂಶವನ್ನು ನಾನು ಪುರಾವೆ ಎನ್ನಲಾರೆ.

ಮನುಷ್ಯರ ಮೇಲಿನ ಪ್ರಯೋಗವೂ ಒಂದಿದೆ. 2011ರಲ್ಲಿ ಅಮೆರಿಕದ ವಿಜ್ಞಾನಿ ನೋರಾ ವೋಲ್ಕೊವ್ ಅವರ ತಂಡ 47 ಜನರ ಕಿವಿಯ ಬಳಿ 50 ನಿಮಿಷ ಕರೆ ಚಾಲೂ ಇಟ್ಟು ಸ್ಕ್ಯಾನ್ ಮಾಡಿದಾಗ, ಆಂಟೆನಾದ ಸಮೀಪದ ಮೆದುಳಿನ ಭಾಗವು ಸುಮಾರು ಶೇ 7ರಷ್ಟು ಹೆಚ್ಚು ಗ್ಲೂಕೋಸ್ ಬಳಸಿತ್ತು. ಅದರಿಂದ ಹಾನಿಯಾಗುತ್ತದೆಂದು ಅವರು ಹೇಳಲಿಲ್ಲ. ಈ ತರಂಗಗಳಿಗೆ ಅಣುಗಳ ಬಂಧ ಮುರಿಯುವಷ್ಟು ಶಕ್ತಿಯಿಲ್ಲ. ಖಚಿತವಾಗಿ ಗೊತ್ತಿರುವ ಪರಿಣಾಮ ಬಿಸಿಯೇರುವುದು ಮಾತ್ರ. ಅದಕ್ಕೇ ಭಾರತದಲ್ಲಿ ಫೋನಿನ ತರಂಗಗಳಿಂದ ದೇಹ ಹೀರುವ ಶಕ್ತಿಯ ಪ್ರಮಾಣಕ್ಕೆ ಕಿಲೋಗ್ರಾಮಿಗೆ 1.6 ವ್ಯಾಟ್ ಮಿತಿಯಿದೆ.

ನಿಮ್ಮಲ್ಲಿ ಗಮನಿಸಬೇಕಾದ್ದು ಬೇರೆ. ಟವರ್ ದೂರವಿದ್ದು, ಮೇಲೆ ತಗಡಿನ ಹೊದಿಕೆಯಿದ್ದರೆ ಸಿಗ್ನಲ್ ಕುಗ್ಗುತ್ತದೆ. ಆಗ ಟವರಿಗೆ ತಲುಪಲು ಫೋನು ತಾನೇ ಹೆಚ್ಚು ಶಕ್ತಿ ಹಾಕುತ್ತದೆ. ಟವರಿಗೆ ಹೆದರುವ ಜನ ಈ ಮಾತನ್ನು ಒಪ್ಪುವುದು ಕಡಿಮೆ! ಅಂಥ ಕಡೆ ದೀರ್ಘ ಕರೆಗಳನ್ನು ಸ್ಪೀಕರಿನಲ್ಲಿ ಇಲ್ಲವೇ ಅಂಗಳಕ್ಕೆ ಬಂದು ಮಾತಾಡುವುದು ಒಳ್ಳೆಯದು.

ಮಗನ ನೆನಪಿನ ವಿಷಯದಲ್ಲಿ ನನಗೆ ಅನುಮಾನವಿರುವುದು ನಿದ್ದೆಯ ಮೇಲೆ. ಹಗಲು ಓದಿದ್ದು ಗಟ್ಟಿಯಾಗುವುದು ಗಾಢ ನಿದ್ದೆಯಲ್ಲಿ. ಪರದೆಯ ಬೆಳಕು ನಿದ್ದೆ ತರುವ ಮೆಲಟೋನಿನ್ ಅನ್ನು ತಡಮಾಡಿಸುತ್ತದೆ. ನನ್ನ ಬಳಿ ಬರುವ ಹುಡುಗರಿಗೆ ಮೊಬೈಲ್ ಬಳಕೆಯ ಲೆಕ್ಕವನ್ನು ಸೆಟ್ಟಿಂಗಿನಲ್ಲಿ ತೆಗೆದು ತೋರಿಸಲು ಹೇಳುತ್ತೇನೆ. ಹತ್ತಕ್ಕೇ ಮಲಗಿದೆ ಎಂದವನ ಫೋನು ಒಂದೂವರೆಯವರೆಗೆ ಎಚ್ಚರವಿದ್ದದ್ದು ಅಲ್ಲಿ ಕಾಣುತ್ತದೆ. ಹುಡುಗ ಅಪ್ಪನ ಮುಖ ನೋಡದೆ ಕಾಲಬೆರಳು ನೋಡತೊಡಗುತ್ತಾನೆ.

ಆದ್ದರಿಂದ ಇಂದಿನಿಂದಲೇ ಫೋನನ್ನು ಪಡಸಾಲೆಯಲ್ಲಿ ಇಡಿಸಿರಿ. ಅಲಾರಾಂ ನಿಲ್ಲಿಸಲು ಅವನು ಎದ್ದು ಅಲ್ಲಿಗೆ ಬರಬೇಕಾಗುತ್ತದೆ, ಅದೂ ಒಳ್ಳೆಯದೇ. ಮೂರು ವಾರ ಎಂಟು ಗಂಟೆ ನಿದ್ದೆ ಮಾಡಿದ ಮೇಲೂ ಓದಿದ್ದು ನಿಲ್ಲದಿದ್ದರೆ ಹಿಮೋಗ್ಲೋಬಿನ್ ಮತ್ತು ಕಣ್ಣಿನ ಪರೀಕ್ಷೆ ಮಾಡಿಸಿ, ವರದಿಯೊಂದಿಗೆ ವೈದ್ಯರನ್ನು ಕಾಣಿರಿ.