ಓದುಗರ ಪ್ರಶ್ನೆ – ನಮ್ಮ ಉತ್ತರ: ಉಗಿಬಂಡಿಯ ಕಾಗದಪತ್ರಗಳನ್ನು ಎಲ್ಲಿ ಹುಡುಕಬೇಕು?

ಪ್ರಶ್ನೆ: ನಮ್ಮ ಅಜ್ಜ ಬೀರೂರು–ತಾಳಗುಪ್ಪ ಮಾರ್ಗದ ಉಗಿ ಎಂಜಿನ್‌ಗಳಲ್ಲಿ ಫೈರ್‌ಮನ್ ಆಗಿದ್ದರು. ಅವರ ಟ್ರಂಕಿನಲ್ಲಿ ವಜ್ರಾಕೃತಿಯ ಹಿತ್ತಾಳೆ ಫಲಕವೊಂದು ಸಿಕ್ಕಿದೆ. ಅದರ ಮೇಲೆ ‘ನಾರ್ತ್ ಬ್ರಿಟಿಷ್ ಲೋಕೋಮೋಟಿವ್ ಕಂಪನಿ, ಗ್ಲಾಸ್ಗೋ’ ಎಂಬ ಬರಹವೂ ಸವೆದ ಕೆಲವು ಅಂಕಿಗಳೂ ಇವೆ. ಆ ಎಂಜಿನ್ನಿನ ಮೂಲ ನಕ್ಷೆ, ಬಾಯ್ಲರಿನ ಒತ್ತಡ ಮೊದಲಾದ ತಾಂತ್ರಿಕ ವಿವರಗಳು ಎಲ್ಲಿ ದೊರೆಯುತ್ತವೆ?
– ಓದುಗರೊಬ್ಬರು, ಸಾಗರ

ಉತ್ತರ: ಮೊದಲಿಗೆ ಒಂದು ವಿನಂತಿ. ಹಬ್ಬದ ಪಾತ್ರೆಗಳಂತೆ ಆ ಫಲಕವನ್ನು ಹುಣಸೆಹಣ್ಣು ಹಾಕಿ ಬೆಳಗಬೇಡಿ. ಅಕ್ಷರಗಳ ಸಂದಿಯಲ್ಲಿ ಉಳಿದಿರುವ ಹಳೆಯ ಬಣ್ಣವೂ ಸವೆದ ಅಂಕಿಗಳ ಅಂಚೂ ಹಾಗೆ ಉಜ್ಜಿದರೆ ಹೋಗಿಬಿಡುತ್ತವೆ, ಮತ್ತೆ ಬರುವುದಿಲ್ಲ. ಫಲಕದ ಮೇಲೆ ತೆಳುವಾದ ಬಿಳಿ ಹಾಳೆಯನ್ನು ಬಿಗಿಯಾಗಿ ಹಿಡಿದು, ಮೆದುವಾದ ಪೆನ್ಸಿಲನ್ನು ಓರೆಯಾಗಿ ಆಡಿಸಿ ಅಚ್ಚು ತೆಗೆಯಿರಿ. ಬಳಿಕ ಕತ್ತಲ ಕೋಣೆಯಲ್ಲಿ ಪಕ್ಕದಿಂದ ಟಾರ್ಚ್ ಹಿಡಿದು ಒಂದು ಫೋಟೋ ತೆಗೆಯಿರಿ. 3 ಮತ್ತು 8 ಒಂದೇ ತೆರನಾಗಿ ಕಾಣುವುದು ಇಂಥ ಫಲಕಗಳಲ್ಲಿ ಸಾಮಾನ್ಯವಾದ್ದರಿಂದ ಎರಡನ್ನೂ ಹೋಲಿಸಿ ಓದಬೇಕು.

ಫಲಕದ ಮೇಲಿನ ಐದು ಅಂಕಿಗಳು ಕಾರ್ಖಾನೆಯ ಕ್ರಮಸಂಖ್ಯೆ. ಎಂಜಿನ್ನಿನ ಕ್ಯಾಬಿನ ಮೇಲೆ ರೈಲ್ವೆ ಬರೆಸುತ್ತಿದ್ದ ಸಂಖ್ಯೆಯೇ ಬೇರೆ. ಹುಡುಕಾಟದಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ. ಬೀರೂರು–ಶಿವಮೊಗ್ಗ ಮೀಟರ್‌ಗೇಜ್ ಮಾರ್ಗ 1899ರಲ್ಲಿ ತೆರೆದಾಗ ಅದನ್ನು ನಡೆಸುತ್ತಿದ್ದುದು ಸದರ್ನ್ ಮರಾಠಾ ರೈಲ್ವೆ ಕಂಪನಿ. 1908ರಲ್ಲಿ ಅದು ಮದ್ರಾಸಿನ ಕಂಪನಿಯೊಡನೆ ಸೇರಿತು. ಮುಂದೆ ಮಾರ್ಗವು ಮೈಸೂರು ಸಂಸ್ಥಾನದ ರೈಲ್ವೆಗೂ, 1951ರಲ್ಲಿ ದಕ್ಷಿಣ ರೈಲ್ವೆಗೂ, 2003ರಲ್ಲಿ ನೈಋತ್ಯ ರೈಲ್ವೆಗೂ ಸೇರಿತು. ಇಷ್ಟು ಮನೆ ಬದಲಿಸಿದ ಕುಟುಂಬದ ರೇಷನ್ ಕಾರ್ಡಿನಂತೆ ಎಂಜಿನ್ನಿನ ಸಂಖ್ಯೆಯೂ ಬದಲಾಗುತ್ತ ಬಂದಿದೆ. 1957ರ ಸುಮಾರಿಗೆ ದೇಶಕ್ಕೆಲ್ಲ ಒಂದೇ ಸಂಖ್ಯಾಕ್ರಮ ಬಂದಾಗ ಹಳೆಯ ಎಂಜಿನ್‌ಗಳಿಗೆ ಮತ್ತೊಮ್ಮೆ ನಾಮಕರಣವಾಯಿತು. ಕಾರ್ಖಾನೆಯ ಸಂಖ್ಯೆ ಮಾತ್ರ ಹುಟ್ಟಿನಿಂದ ಗುಜರಿಯವರೆಗೆ ಒಂದೇ.

ನಾರ್ತ್ ಬ್ರಿಟಿಷ್ ಕಂಪನಿ 1903ರಲ್ಲಿ ಗ್ಲಾಸ್ಗೋದ ಮೂರು ಕಾರ್ಖಾನೆಗಳು ಕೂಡಿ ಆದದ್ದು, 1962ರಲ್ಲಿ ಮುಚ್ಚಿಹೋಯಿತು. ವಜ್ರಾಕೃತಿಯ ಫಲಕ ಆ ಮೂರರಲ್ಲಿ ಡಬ್ಸ್ ಎಂಬ ಕಾರ್ಖಾನೆಯಿಂದ ಬಂದ ಪದ್ಧತಿ. ಕಂಪನಿಯ ದಾಖಲೆಗಳು ಗ್ಲಾಸ್ಗೋ ವಿಶ್ವವಿದ್ಯಾಲಯದ ದಾಖಲೆ ಸಂಗ್ರಹ, ಅದೇ ಊರಿನ ಮಿಚೆಲ್ ಲೈಬ್ರರಿ ಮತ್ತು ಯಾರ್ಕ್‌ನ ರಾಷ್ಟ್ರೀಯ ರೈಲ್ವೆ ಮ್ಯೂಸಿಯಂಗಳಲ್ಲಿ ಹಂಚಿಹೋಗಿವೆ. ಅಲ್ಲಿ ನಕ್ಷೆಗಳನ್ನು ಜೋಡಿಸಿರುವುದು ಎಂಜಿನ್ನಿನ ಸಂಖ್ಯೆಯಿಂದಲ್ಲ, ಗಿರಾಕಿ ಕೊಟ್ಟ ಆರ್ಡರಿನ ಸಂಖ್ಯೆಯಿಂದ. ಆದ್ದರಿಂದ ನಿಮ್ಮ ಐದು ಅಂಕಿಗಳು ಯಾವ ಆರ್ಡರಿನವು ಎಂಬುದನ್ನು ಮೊದಲು ತಿಳಿಸಿಕೊಡುವಂತೆ ಕೋರಿ, ಎರಡನೆಯ ಪತ್ರದಲ್ಲಿ ನಕ್ಷೆಯನ್ನು ಕೇಳಿ. ನಾನೇ ಒಮ್ಮೆ ‘ಶಿವಮೊಗ್ಗ ಕಡೆಯ ಹಳೆಯ ಎಂಜಿನ್ನಿನ ಎಲ್ಲ ನಕ್ಷೆಗಳು’ ಎಂದು ವಿದೇಶದ ಸಂಗ್ರಹವೊಂದಕ್ಕೆ ಬರೆದು, ‘ಯಾವ ಎಂಜಿನ್?’ ಎಂಬ ಒಂದೇ ಸಾಲಿನ ಉತ್ತರ ಪಡೆದು ನಾಚಿದ್ದೇನೆ. ‘ಎಲ್ಲ ನಕ್ಷೆಗಳು’ ಎಂದರೆ ಒಂದೊಂದು ಬೋಲ್ಟಿನವರೆಗೆ ನೂರಾರು ಹಾಳೆಗಳು. ನಿಮಗೆ ಬೇಕಾದದ್ದು ಇಡೀ ಎಂಜಿನ್ನಿನ ಜೋಡಣೆ ತೋರಿಸುವ ಜನರಲ್ ಅರೇಂಜ್‌ಮೆಂಟ್ ನಕ್ಷೆ ಮತ್ತು ಗಾಲಿಗಳ ಅಚ್ಚುಗಳ (ಆಕ್ಸಲ್) ಮೇಲಿನ ತೂಕ, ಸಿಲಿಂಡರ್, ಬಾಯ್ಲರ್ ಒತ್ತಡಗಳಿರುವ ಒಂದು ಹಾಳೆ.

ಇಷ್ಟಾದರೂ ಆ ನಕ್ಷೆ ನಿಮ್ಮ ಅಜ್ಜ ಕಲ್ಲಿದ್ದಲು ತುಂಬಿದ ಎಂಜಿನ್ನನ್ನು ಪೂರ್ತಿಯಾಗಿ ತೋರಿಸುವುದಿಲ್ಲ. ವರ್ಕ್‌ಶಾಪಿನಲ್ಲಿ ದೊಡ್ಡ ರಿಪೇರಿಗೆ ಬಂದ ಎಂಜಿನ್ನಿನ ಬಾಯ್ಲರನ್ನು ಇಳಿಸಿ, ಸಿದ್ಧವಾಗಿದ್ದ ಇನ್ನೊಂದನ್ನು ಕೂರಿಸಿ ಕಳಿಸುವುದು ವಾಡಿಕೆಯಾಗಿತ್ತು. ಗಾಲಿಗಳನ್ನು ಜೋಡಿಸುವ ರಾಡಿನ ಮೇಲೆ ಬೇರೆಯೇ ಎಂಜಿನ್ನಿನ ಸಂಖ್ಯೆ ಒತ್ತಿರುವುದನ್ನು ಇಂದಿಗೂ ಪ್ರದರ್ಶನಕ್ಕಿಟ್ಟ ಎಂಜಿನ್‌ಗಳಲ್ಲಿ ಕಾಣಬಹುದು. ಆ ಎರಡನೆಯ ಬದುಕಿನ ದಾಖಲೆ ಇದ್ದದ್ದು ಇಲ್ಲಿ, ಶೆಡ್ಡು ಮತ್ತು ವರ್ಕ್‌ಶಾಪಿನ ರಿಜಿಸ್ಟರುಗಳಲ್ಲಿ. ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಮೈಸೂರು ವಿಭಾಗಕ್ಕೆ ಅರ್ಜಿ ಹಾಕಬಹುದು. 30 ದಿನಗಳಲ್ಲಿ ಉತ್ತರಿಸಬೇಕು. ಆದರೆ ನೇರವಾಗಿ ನಕ್ಷೆ ಕೇಳದೆ, ಉಗಿ ಎಂಜಿನ್‌ಗೆ ಸಂಬಂಧಿಸಿದ ಯಾವ ಕಡತಗಳು ಉಳಿದಿವೆ ಎಂಬ ಪಟ್ಟಿಯನ್ನು ಮೊದಲು ಕೇಳುವುದು ಜಾಣತನ.

ಫಲಕದಲ್ಲಿ 1950ರ ದಶಕದ ಇಸವಿ ಇದ್ದರೆ ನಿಮ್ಮದು ವೈಪಿ ವರ್ಗದ, ಅಂದರೆ ಮೀಟರ್‌ಗೇಜಿನಲ್ಲಿ ಪ್ರಯಾಣಿಕರ ಬಂಡಿ ಎಳೆಯುವ ಎಂಜಿನ್ ಇರಬಹುದು. ಹಾಗಿದ್ದರೆ ಶ್ರಮ ಅರ್ಧ ಕಡಿಮೆ. ಅದೇ ವಿನ್ಯಾಸವನ್ನು ಜಮ್‌ಶೆಡ್‌ಪುರದ ಟೆಲ್ಕೋ ಕೂಡ ತಯಾರಿಸಿದ್ದು, ರೈಲ್ವೆಯ ವಿನ್ಯಾಸ ಸಂಸ್ಥೆಯಾದ ಲಖನೌದ ಆರ್‌ಡಿಎಸ್‌ಒಗೆ ಬರೆಯಬಹುದು. ವೈಪಿಯ ಚಾಲಕ ಗಾಲಿಯ (ಉಗಿಯ ಬಲದಿಂದ ತಿರುಗುವ ದೊಡ್ಡ ಗಾಲಿ) ವ್ಯಾಸ 54 ಅಂಗುಲ, ಸರಕು ಎಳೆಯುವ ವೈಜಿ ವರ್ಗದ ಎಂಜಿನ್ನಿನದು 48 ಅಂಗುಲ. ಎರಡರ ಬಾಯ್ಲರೂ ಚದರ ಅಂಗುಲಕ್ಕೆ 210 ಪೌಂಡ್ ಒತ್ತಡದ್ದು.

ಪ್ರಶ್ನೆ: ತರೀಕೆರೆ–ನರಸಿಂಹರಾಜಪುರ ಟ್ರಾಮ್ ಮತ್ತು ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಸಣ್ಣ ಎಂಜಿನ್‌ಗಳ ದಾಖಲೆಯೂ ರೈಲ್ವೆಯಲ್ಲಿಯೇ ಇರುತ್ತದೆಯೇ?
– ಓದುಗರೊಬ್ಬರು, ಭದ್ರಾವತಿ

ಉತ್ತರ: ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕು. ಎರಡು ಅಡಿ ಅಗಲದ ಆ ಟ್ರಾಮ್ ಸಂಸ್ಥಾನದ ಕೆಲಸವಾದ್ದರಿಂದ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ ಮೈಸೂರು ಸರ್ಕಾರದ ಕಡತಗಳನ್ನೂ ವಾರ್ಷಿಕ ಆಡಳಿತ ವರದಿಗಳನ್ನೂ ನೋಡಿ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯ ವಿಷಯದಲ್ಲಿ ಇನ್ನೊಂದು ಬಾಗಿಲೂ ಇದೆ. ಅದೇ 1923ರ ಬಾಯ್ಲರ್ ಕಾಯ್ದೆಯಲ್ಲಿ ರೈಲ್ವೆಯ ಎಂಜಿನ್‌ಗಳಿಗೆ ವಿನಾಯಿತಿ ನೀಡಲು ಅವಕಾಶವಿದ್ದರೂ ಖಾಸಗಿ ಹಾಗೂ ಕಾರ್ಖಾನೆಗಳ ಬಾಯ್ಲರುಗಳು ನೋಂದಣಿಯಾಗಬೇಕಿತ್ತು. ಆದ್ದರಿಂದ ಬಾಯ್ಲರಿನ ಮೇಲೆ ಒತ್ತಿದ ನೋಂದಣಿ ಸಂಖ್ಯೆ ಸಿಕ್ಕಿದರೆ ಅದನ್ನು ಹಿಡಿದು ರಾಜ್ಯದ ಬಾಯ್ಲರ್ ಇಲಾಖೆಯನ್ನು ವಿಚಾರಿಸಿ.

ಪ್ರಶ್ನೆ: ಅಟ್ಟದ ಮೇಲೆ ಎಂಜಿನ್ನಿನ ಕೆಲವು ನೀಲಿ ನಕ್ಷೆಗಳೂ ಬಟ್ಟೆಯಂಥ ನಕ್ಷೆಗಳೂ ಸಿಕ್ಕಿವೆ. ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತಿದೆ. ಏನು ಮಾಡಲಿ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಲ್ಯಾಮಿನೇಷನ್ ಮಾಡಿಸಬೇಡಿ. ಬೂಸ್ಟು ಹಿಡಿದವನ್ನು ಉಳಿದವುಗಳಿಂದ ಬೇರ್ಪಡಿಸಿ, ಬಿಸಿಲಿಗೆ ಹಾಕದೆ, ಗಾಳಿಯಾಡುವ ನೆರಳಿನಲ್ಲಿ ಆರಲು ಬಿಡಿ. ಪೂರ್ತಿ ಒಣಗಿದ ಮೇಲೆ ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮನೆಯ ಹೊರಗೆ, ಮೆತ್ತನೆಯ ಬ್ರಷ್ಷಿನಿಂದ ಝಾಡಿಸಿ. ನೀಲಿ ನಕ್ಷೆಯ ಬಣ್ಣ ಬೆಳಕಿಗೆ ಮಾಸುತ್ತದೆ, ಕ್ಷಾರಕ್ಕೂ ಅಳಿಯುತ್ತದೆ. ಆದ್ದರಿಂದ ಸಾಬೂನಿನ ನೀರಾಗಲಿ ಸುಣ್ಣದ ಗೋಡೆಯಾಗಲಿ ಅದಕ್ಕೆ ತಾಗಬಾರದು. ಬಟ್ಟೆಯಂತಿರುವುದು ಗಂಜಿ ಹಾಕಿದ ಟ್ರೇಸಿಂಗ್ ಬಟ್ಟೆ. ಗಟ್ಟಿಯಾಗಿ ಕಂಡರೂ ಅದು ನೀರನ್ನು ತಾಳುವುದಿಲ್ಲ: ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿದರೂ ಗಂಜಿ ಕರಗಿ, ಅದರ ಮೇಲಿನ ಮಸಿಯ ಗೆರೆಗಳೂ ಜೊತೆಯಲ್ಲಿಯೇ ಎದ್ದು ಬರುತ್ತವೆ.